ಎಣ್ಣೆ ಕುಡಿದ ಪಟ್ಟಿಗಳು

ಚಂದಮ್ಮ ಮೊದಲ ಸಲ ಲೀಲಕ್ಕನನ್ನು ಕಂಡ ದಿನ, ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ತಿಳಿದಳು.

ಎಪ್ಪತ್ನಾಲ್ಕನೆಯ ಇಸವಿ, ಮಳೆ ಹಿಡಿದ ವಾರ. ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕುಂದಾಪುರ ಕಡೆಯ ದೇವದಾಸ್ ಅವರ ಹೋಟೆಲಿತ್ತು. ಕೆಳಗೆ ಹೋಟೆಲು, ಮೇಲೆ ಅವರ ಸಂಸಾರ, ಸಂಸಾರದ ಪಕ್ಕದ ಕೋಣೆಯಲ್ಲಿ ಮದುವೆಯಾಗದ ಅಕ್ಕ ಲೀಲಾಕ್ಷಿ. ಅವರ ಕೋಣೆ ಕಸ ಗುಡಿಸಲು ಒಬ್ಬ ಹೆಂಗಸು ಬೇಕಂತೆ ಎಂದು ಹೂ ಮಾರುವ ರಂಗೂಬಾಯಿ ಹೇಳಿದ್ದಳು. ಚಂದಮ್ಮ ಸುರಪುರದ ಕಡೆಯವಳು. ಗಂಡ ಶಂಕ್ರೆಪ್ಪ ಗೌಂಡಿಗಳ ಕೈಕೆಳಗೆ ದುಡಿಯುತ್ತಿದ್ದವನು, ಕಾಮಾಲೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಉಸುಕಿನ ಪುಟ್ಟಿ ಹೊತ್ತು ಹೊತ್ತು ಮೊಣಕಾಲು ಸೋತಿದ್ದವು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ, ನಡು ಕೋಣೆಯಲ್ಲಿ ಆಳುದ್ದಕ್ಕಿಂತ ಉದ್ದದ ಏಣಿಯಂಥದ್ದೊಂದು, ಮೇಲೆ ಬಿಳಿ ಬಟ್ಟೆ ಹೊದಿಸಿದೆ, ಪಕ್ಕದಲ್ಲಿ ಊದುಬತ್ತಿ ಹೊಗೆಯಾಡುತ್ತಿದೆ. ಹೆಣ ಹೊರುವ ಸಿದಿಗೆಯೇ ಸೈ.

ಚಂದಮ್ಮ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಕೇಳಿದಳು, "ಯಾವಾಗ ಹೋದ್ರಿ, ಅಕ್ಕಾರೆ?"

"ಯಾರು?" ಎಂದರು ಲೀಲಕ್ಕ. ನಲವತ್ತು ದಾಟಿದ ತೆಳ್ಳಗಿನ ಹೆಂಗಸು, ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತ ಕೂತಿದ್ದರು.

"ಇವರು."

ಲೀಲಕ್ಕ ಬಟ್ಟೆಯನ್ನೂ ನೋಡಿದರು, ಚಂದಮ್ಮನ ಮುಖವನ್ನೂ ನೋಡಿದರು. ಮೊರ ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣೀರು ಬರುವಷ್ಟು ನಕ್ಕರು. "ಇದು ಹೋಗ್ಲಿಲ್ಲ ಮಾರಾಯ್ತಿ. ಊದುಬತ್ತಿ ಸೊಳ್ಳೆಗೆ ಹಚ್ಚಿದ್ದು." ಎದ್ದು ಬಟ್ಟೆ ಸರಿಸಿ, ಉಣ್ಣೆ ಸುತ್ತಿದ ಕೋಲಿನಿಂದ ಒಂದು ಪಟ್ಟಿಗೆ ಮೆಲ್ಲಗೆ ಹೊಡೆದರು. ತುಂಬಿದ ಬಾವಿಗೆ ಕೊಡದ ಅಂಚು ತಾಗಿದಂಥ ಸದ್ದು ಬಂದು, ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ತಾನಾಗಿ ಹೋಯಿತು.

"ಇದಕ್ಕೆ ಮಾರಿಂಬಾ ಅಂತಾರೆ."

"ಮಾರಿ ಹೆಸರ್ಯಾಕ ಇಟ್ಟಾರ್ರಿ, ಬ್ಯಾರೆ ಸಿಗಲಿಲ್ಲೇನು?"

"ಕೆಳಗೆ ನನ್ನ ತಮ್ಮನೂ ಹಾಗೇ ಹೇಳ್ತಾನೆ. ಈ ಮಾರಿ ಬಂದದ್ದರಿಂದ್ಲೇ ನನಗೆ ಮದುವೆ ಆಗ್ಲಿಲ್ಲವಂತೆ." ನಗು ಇನ್ನೂ ನಿಂತಿರಲಿಲ್ಲ. "ನೀನು ನಾಳೆಯಿಂದ ಬಾ. ಕಸ ಹೇಗೆ ಗುಡಿಸ್ತೀಯೋ ನನಗೆ ಗೊತ್ತಿಲ್ಲ, ಆದ್ರೆ ಹೆಣಕ್ಕೆ ಮರ್ಯಾದೆ ಕೊಡುವವಳು ಇದಕ್ಕೂ ಕೊಡ್ತೀಯ."

ಮಾರಿಂಬಾ ಎಂದರೆ ಕಟ್ಟಿಗೆಯ ವಾದ್ಯ. ಬೀಟೆ ಮರದ ಪಟ್ಟಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ದಾರದಲ್ಲಿ ಪೋಣಿಸಿ, ಪ್ರತಿ ಪಟ್ಟಿಯ ಕೆಳಗೆ ಒಂದು ಹಿತ್ತಾಳೆಯ ಕೊಳವೆ ಇಳಿಬಿಟ್ಟಿರುತ್ತಾರೆ. ಎರಡು ಕೈಯಲ್ಲಿ ನಾಲ್ಕು ಕೋಲು ಹಿಡಿದು ನಿಂತು ಬಾರಿಸಬೇಕು. ಈ ವಾದ್ಯ ಲೀಲಕ್ಕನ ಕೈಗೆ ಬಂದದ್ದು ಪಿಂಟೋ ಮಾಸ್ತರರಿಂದ. ಮಾಸ್ತರರು ಗೋವಾದವರು, ದಂಡು ಪ್ರದೇಶವಾದ ಕ್ಯಾಂಪಿನಲ್ಲಿದ್ದರು, ಮಿಲಿಟರಿ ಬ್ಯಾಂಡಿನವರಿಗೆ ಕಲಿಸುತ್ತಿದ್ದರು. ಹದಿನಾಲ್ಕು ವರ್ಷದ ಲೀಲಾಕ್ಷಿ ಹೋಟೆಲಿನಿಂದ ಅವರ ಮನೆಗೆ ದಿನಾ ತಿಂಡಿ ಒಯ್ಯುವವಳು. ಖಾಲಿ ಡಬ್ಬಿಗಾಗಿ ಕಾಯುತ್ತ ಬಾಗಿಲಲ್ಲಿ ನಿಂತವಳ ಕೈಗೆ ಒಂದು ದಿನ ಅವರು ಕೋಲು ಕೊಟ್ಟರು. ಸಾಯುವಾಗ ವಾದ್ಯವನ್ನೇ ಕೊಟ್ಟುಹೋದರು.

ಮಾಸ್ತರರ ಕೈಯಲ್ಲಿ ಕಲಿತವರು ಆಗ ಪುಣೆಯಲ್ಲಿ ಐದೇ ಜನ ಉಳಿದಿದ್ದರು. ತಿಂಗಳಿಗೊಂದು ಭಾನುವಾರ ಲೀಲಕ್ಕನ ಕೋಣೆಯಲ್ಲಿ ಕೂಡುವರು. ಖಡಕಿಯಿಂದ ಹಣಮಂತ್ರಾಯ ಬರುವರು. ವಿಜಾಪುರ ಕಡೆಯವರು, ಬ್ಯಾಂಡಿನಲ್ಲಿ ಹವಾಲ್ದಾರರಾಗಿ ಪೆನ್ಷನ್ ಆದವರು, ಕೂತರೂ ಬೆನ್ನು ಬಾಗದು. ತಳೇಗಾಂವದ ಶಾಲೆಯಿಂದ ಒಬ್ಬ ಕ್ರೈಸ್ತ ಸನ್ಯಾಸಿನಿ, ಕ್ಯಾಂಪಿನ ಒಬ್ಬ ಗಡಿಯಾರ ರಿಪೇರಿಯವನು, ಕಾಲೇಜಿನಲ್ಲಿ ಗಣಿತ ಹೇಳುವ ಒಬ್ಬರು. ಹಿಂದೆ ತಬಲಾ ಇಲ್ಲ, ಪೇಟಿ ಇಲ್ಲ. ಒಬ್ಬರೇ ನಿಂತು ಬಾರಿಸಬೇಕು, ಉಳಿದವರು ಕಣ್ಣು ಮುಚ್ಚಿ ಕೇಳಬೇಕು. ಚಪ್ಪಾಳೆ ಹೊಡೆಯುವಂತಿಲ್ಲ. ಯಾರಾದರೂ ಕೂತಲ್ಲೇ ಒಂದು ಮಾತು ಹೇಳಬಹುದು, ಹೇಳದೆಯೂ ಇರಬಹುದು.

ಮಾಸ್ತರರು ಬಿಟ್ಟುಹೋದ ಎರಡು ಕಟ್ಟಳೆಗಳನ್ನು ಅವರು ದೇವರ ಮಾತಿನಂತೆ ನಡೆಸುತ್ತಿದ್ದರು. ಒಂದು: ತಪ್ಪು ಕೇಳಿಸಿದರೆ ಮೊದಲು ನಿನ್ನ ಕೈ ನೋಡಿಕೋ, ಆಮೇಲೆ ನಿನ್ನ ಕಿವಿ ನೋಡಿಕೋ, ಕಟ್ಟಿಗೆಯ ಮೇಲೆ ಹಾಕಬೇಡ. ಇನ್ನೊಂದು: ಯಾರು ಮೊದಲು ನಿನ್ನ ಕೈಗೆ ಕೋಲು ಕೊಟ್ಟರೋ ಅವರೇ ಬೆನ್ನು ತಿರುಗಿಸಿ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳಿ, 'ಹೋಗು' ಎನ್ನಬೇಕು. ಅದಾಗದೆ ವೇದಿಕೆ ಹತ್ತುವಂತಿಲ್ಲ. ಪಿಂಟೋ ಮಾಸ್ತರರು ಲೀಲಕ್ಕನಿಗೆ 'ಹೋಗು' ಎಂದು ಆಗಲೇ ಹನ್ನೊಂದು ವರ್ಷವಾಗಿತ್ತು. ಲೀಲಕ್ಕ ಹೋಗಿರಲಿಲ್ಲ. ಅಳುಕು.

ಚಂದಮ್ಮನಿಗೆ ಅಕ್ಷರ ಅಷ್ಟಕ್ಕಷ್ಟೇ. ಹೆಸರು ಬರೆಯಬಲ್ಲಳು, ಅಂಕಿ ಬಲ್ಲಳು. ಆದರೆ ಕೈಗೆ ಬಂದ ಕೆಲಸವನ್ನು ಒಂದು ನೂಲು ಆಚೀಚೆಯಾಗದಂತೆ ಮಾಡುವವಳು. ಕೆಳಗಿನ ಸಾಲಿನಲ್ಲಿ ಇಪ್ಪತ್ತೊಂಬತ್ತು ಪಟ್ಟಿ, ಮೇಲಿನ ಸಾಲಿನಲ್ಲಿ ಇಪ್ಪತ್ತು. ಎಡದಿಂದ ಬಲಕ್ಕೆ ಒಂದೊಂದನ್ನೇ ಒಣ ಬಟ್ಟೆಯಿಂದ ಒರೆಸಬೇಕು. "ಒದ್ದೆ ಬಟ್ಟೆ ಮಾತ್ರ ಬೇಡ," ಎಂದು ಲೀಲಕ್ಕ ಮೊದಲ ದಿನವೇ ಹೇಳಿದ್ದರು. ಐದು ವರ್ಷದಲ್ಲಿ ಒಂದು ದಿನ ಚಂದಮ್ಮ ಒದ್ದೆ ಬಟ್ಟೆ ಮುಟ್ಟಿಸಲಿಲ್ಲ. ಕೋಲಿನ ತುದಿಗೆ ಉಣ್ಣೆ ದಾರ ಸುತ್ತುವುದನ್ನು ಕಲಿತಳು. ಸುತ್ತಿಗೆ ಸುತ್ತು ಎಣಿಸಿ, ನಾಲ್ಕೂ ಕೋಲು ಒಂದೇ ತೂಕ ಬರುವಂತೆ ಸುತ್ತುವಳು. ಹಣಮಂತ್ರಾಯರೇ ತಮ್ಮ ಕೋಲುಗಳನ್ನು ತಂದು ಕೊಡತೊಡಗಿದರು.

"ಏನಬೇ ಚಂದವ್ವ, ನಿನಗ ಈ ಕೈ ಯಾರ ಕೊಟ್ರು?"

"ಉಸುಕಿನ ಪುಟ್ಟಿ ಕೊಡ್ತ್ರೀ, ಸಾಹೇಬ್ರ."

ಕೇಳುತ್ತ ಕೇಳುತ್ತ ಅವಳ ಕಿವಿಯೂ ಕೂತಿತು. ಒಂದನೆಯ ಪಟ್ಟಿಗೂ ಎಂಟನೆಯದಕ್ಕೂ ಒಂದೇ ದನಿ, ಅಣ್ಣನದು ದಪ್ಪ, ತಮ್ಮನದು ಸಣ್ಣ, ಇಷ್ಟೇ ಭೇದ ಎಂದು ಯಾರೂ ಹೇಳಿಕೊಡದೆ ತಿಳಿದಳು. ಒಂದು ದಿನ ಅದನ್ನು ಆಡಿದಾಗ ಲೀಲಕ್ಕ ಅವಳನ್ನೇ ನೋಡುತ್ತ ನಿಂತರು. "ಇದನ್ನು ನನ್ನ ಶಿಷ್ಯರಿಗೆ ಹೇಳಿಕೊಡ್ಲಿಕ್ಕೆ ಒಂದು ವರ್ಷ ಬೇಕಾಯ್ತು, ಚಂದಮ್ಮ."

ಆ ಶಿಷ್ಯರಲ್ಲಿ ಕೊನೆಗೆ ನಿಂತವಳು ಒಬ್ಬಳೇ, ಇಂದೂ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರ ಮಗಳು, ಮರಾಠಿ ಹುಡುಗಿ. ಲೀಲಕ್ಕನನ್ನು ಮರ್ಯಾದೆಗೆ 'ಬಾಯಿ' ಎನ್ನುವಳು, ಚಂದಮ್ಮನನ್ನು ಚಿಕ್ಕಮ್ಮನೆಂಬಂತೆ 'ಮಾವಶಿ' ಎನ್ನುವಳು.

ಎಪ್ಪತ್ತೊಂಬತ್ತರಲ್ಲಿ ಹಣಮಂತ್ರಾಯ ಹಟ ಹಿಡಿದರು. ಉಗಾದಿ ಕಳೆದ ಮರುವಾರಕ್ಕೆ ಸಭಾಗೃಹ ಗೊತ್ತು ಮಾಡಿ ಬಂದೇ ಬಿಟ್ಟರು. "ನಲವತ್ತೊಂಬತ್ತು ಮುಗ್ಯಾಕ ಬಂತು, ಇನ್ನ ಯಾವಾಗ ಬಾರಸ್ತೀರಿ? ಮಾಸ್ತರ ಮ್ಯಾಲಿಂದ ಎಷ್ಟ ದಿನಾ ಕುಂತ ಕೇಳಬೇಕ್ರಿ?" ಲೀಲಕ್ಕ ಒಪ್ಪಿದರು. ಒಪ್ಪಿದ ಮೇಲೆ ಊಟ ಅರ್ಧವಾಯಿತು, ಬಾರಿಸುವುದು ಇಮ್ಮಡಿಯಾಯಿತು. ಉಗಾದಿಗೆ ನಾಲ್ಕು ದಿನವಿರುವಾಗ ಸನ್ಯಾಸಿನಿ ಬಂದು, ಇಲ್ಲಿದ್ದರೆ ನೀವು ಕಾಯಿಲೆ ಬೀಳುತ್ತೀರಿ ಎಂದು ಅವರನ್ನು ಮೂರು ದಿನಕ್ಕೆ ತಳೇಗಾಂವಕ್ಕೆ ಕರೆದೊಯ್ದರು. ಹೋಗುವಾಗ ಲೀಲಕ್ಕ, "ಕೋಣೆ ನಿನ್ನ ಮೇಲೆ ಬಿಟ್ಟಿದ್ದೇನೆ," ಎಂದರು.

ಸುರಪುರದ ಕಡೆ ಒಂದು ಪದ್ಧತಿ. ಉಗಾದಿಗೆ ಮುಂಚೆ ಮನೆಯ ಕಟ್ಟಿಗೆ ಸಾಮಾನಿಗೆಲ್ಲ ಕುಸುಬಿ ಎಣ್ಣೆ ಕುಡಿಸುವುದು. ಒನಕೆ, ಲಟ್ಟಣಿಗೆ, ಕೊಡಲಿಯ ಕಾವು, ತೊಟ್ಟಿಲು, ಬಾಗಿಲ ಚೌಕಟ್ಟು. ಬಿಸಿಲು ಬಲಿತು ಕಟ್ಟಿಗೆ ಸೀಳುವ ಮೊದಲು ಎಣ್ಣೆ ಬೆಚ್ಚಗೆ ಮಾಡಿ ಬಟ್ಟೆಯಿಂದ ತಿಕ್ಕಿದರೆ, ಕಟ್ಟಿಗೆ ಕುಡಿದು, ಒಣಗಿ, ಮೇಲೆ ಒಂದು ಪದರು ಕಟ್ಟಿಕೊಳ್ಳುತ್ತದೆ. ವರ್ಷ ತಾಳುತ್ತದೆ. ಚಂದಮ್ಮ ಪಟ್ಟಿಗಳನ್ನು ನೋಡಿದಳು. ಕೋಲು ಬಿದ್ದು ಬಿದ್ದು ನಡುವೆ ಹೊಳಪು ಹೋಗಿ ಬೆಳ್ಳಗಾಗಿದ್ದವು. ಹದಿನಾರು ವರ್ಷ ಕಾದ ದಿನ ಬರುತ್ತಿದೆ, ಇವು ಹೀಗೆ ಬಾಯಾರಿ ನಿಂತಿವೆ. ಒದ್ದೆ ಬಟ್ಟೆ ಬೇಡ ಎಂದಿದ್ದರು, ಎಣ್ಣೆಯ ಮಾತು ಬಂದಿರಲಿಲ್ಲ.

ತಂಗಿ ಊರಿನಿಂದ ಕಳಿಸಿದ್ದ ಎಣ್ಣೆ ಸೀಸೆಯಲ್ಲಿ ಅರ್ಧ ಉಳಿದಿತ್ತು. ಉಗುರುಬೆಚ್ಚಗೆ ಮಾಡಿ ಎಡಗಡೆಯ ದೊಡ್ಡ ಪಟ್ಟಿಯಿಂದ ಹಿಡಿದಳು. ಮೂರು ದಿನ, ದಿನಕ್ಕೊಂದು ಸಲ. ಹದಿಮೂರನೆಯ ಪಟ್ಟಿಗೆ ಎಣ್ಣೆ ತೀರಿತು. ಹಬ್ಬ ಮುಗಿದ ಮೇಲೆ ಉಳಿದವಕ್ಕೆ ಹಚ್ಚಿದರಾಯಿತು ಎಂದುಕೊಂಡಳು. ಆ ಹದಿಮೂರು ಪಟ್ಟಿ ಹೊಸ ಮದುಮಗಳ ಹಾಗೆ ಮಿಂಚುತ್ತಿದ್ದವು. ಲೀಲಕ್ಕ ಬರುವ ದಿನ ಬೆಳಿಗ್ಗೆ ಒಣ ಬಟ್ಟೆಯಿಂದ ತಿಕ್ಕಿ ತಿಕ್ಕಿ ಮೇಲಿನ ಮಿಂಚು ಇಳಿಸಿದಳು, ಕೈಗೆ ಜಾರಬಾರದೆಂದು.

ಬಂದ ದಿನ ಸಂಜೆ ಲೀಲಕ್ಕ ಕೋಲು ಹಿಡಿದರು. ಚಂದಮ್ಮ ಮೂಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಬಲಗೈ ನಡೆಯಿತು, ಎಡಗೈ ಸೇರಿತು. ಲೀಲಕ್ಕ ನಿಲ್ಲಿಸಿದರು. ಮತ್ತೆ ಮೊದಲಿನಿಂದ. ಮತ್ತೆ ನಿಲ್ಲಿಸಿದರು.

ಮೊದಲ ಹೊಡೆತಕ್ಕೇ ಚಂದಮ್ಮನಿಗೂ ಕೇಳಿಸಿತ್ತು. ಬಾವಿಯ ನೀರು ಇಂಗಿ ಹೋದಂತೆ. ಎಡಗಡೆಯ ಪಟ್ಟಿಗಳು ಸುಡದ ಮಣ್ಣಿನ ಗಡಿಗೆಯ ಹಾಗೆ ದಬ್ ಎನ್ನುತ್ತಿದ್ದವು. ಮೇಲಾಗಿ ಒಂದು ಕೂದಲೆಳೆಯಷ್ಟು ಕೆಳಗಿಳಿದಿದ್ದವು.

"ಚಂದಮ್ಮ, ಇಲ್ಲಿ ಬಾ. ಇದನ್ನು ಕೇಳು." ಹದಿಮೂರನೆಯದಕ್ಕೆ ಹೊಡೆದರು, ಇಪ್ಪತ್ತನೆಯದಕ್ಕೆ ಹೊಡೆದರು. ಅಣ್ಣ, ತಮ್ಮ. "ಸೇರ್ತದಾ?"

ಚಂದಮ್ಮನ ಕೈಯಲ್ಲಿ ಬೇಳೆಯ ಮೊರ ಇತ್ತು. ಸೇರುತ್ತಿರಲಿಲ್ಲ. ಹಬ್ಬಕ್ಕೆಂದು ಎಣ್ಣೆ ಕುಡಿಸಿದೆ ಅಕ್ಕಾರೆ, ಎನ್ನಲು ಬಾಯಿ ತೆರೆಯಬೇಕಿತ್ತು, ಅಷ್ಟೇ. ಕೋಣೆ ನಿನ್ನ ಮೇಲೆ ಬಿಟ್ಟಿದ್ದೇನೆ ಎಂದದ್ದು ನೆನಪಾಯಿತು. ಕೆಳಗೆ ದೇವದಾಸರ ಗದರು ದನಿ ಕೇಳುತ್ತಿತ್ತು. ಮೆಟ್ಟಿಲ ಕೆಳಗೆ ತನಗೆ ಕೊಟ್ಟಿದ್ದ ಚಿಕ್ಕ ಖೋಲಿ ಕಣ್ಣಿಗೆ ಬಂತು. ಒಂದೆರಡು ದಿನದಲ್ಲಿ ಎಣ್ಣೆ ಒಣಗಿದರೆ ತಾನಾಗಿ ಸರಿಹೋದೀತು ಎಂದೂ ಅನಿಸಿತು.

"ಸೇರ್ತಾವ್ರಿ," ಎಂದಳು. "ಮೊದಲ್ ಹ್ಯಾಂಗಿದ್ವು ಹಾಂಗೇ ಅದಾವ."

ಲೀಲಕ್ಕ ಇನ್ನೊಮ್ಮೆ ಹೊಡೆದರು. "ನಿನಗೆ ವ್ಯತ್ಯಾಸ ಎಂಥದ್ದೂ ಕೇಳ್ಲಿಲ್ಲ?"

"ಇಲ್ರಿ."

ಲೀಲಕ್ಕ ಕೋಲು ಕೆಳಗಿಟ್ಟು ತಮ್ಮ ಕಿವಿಯನ್ನು ಅಂಗೈಯಿಂದ ಮುಚ್ಚಿ ತೆಗೆದರು. "ನನ್ನ ಅಮ್ಮನಿಗೂ ಐವತ್ತಕ್ಕೇ ಹೋದದ್ದು," ಎಂದರು.

ಎಣ್ಣೆ ಒಣಗಿತು, ಕಟ್ಟಿಗೆ ಸರಿಹೋಗಲಿಲ್ಲ. ಉಳಿದ ಆರೇಳು ದಿನವೂ ಲೀಲಕ್ಕ ಬಾರಿಸಿದರು, ಒಮ್ಮೆಯೂ ಮತ್ತೆ ಕೇಳಲಿಲ್ಲ. ಆ ದಿನ ಸಭಾಗೃಹದಲ್ಲಿ ಇನ್ನೂರು ಜನರಾದರೂ ಇದ್ದರು. ದೇವದಾಸರು ಹೋಟೆಲು ಮುಚ್ಚಿ ಹೆಂಡತಿ ಕುಸುಮಳನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಚಂದಮ್ಮ ಎಲ್ಲರ ಹಿಂದೆ ಗೋಡೆಗೆ ಒರಗಿ ಕೂತಳು. ಲೀಲಕ್ಕ ತಿಳಿ ಹಸಿರು ಸೀರೆ ಉಟ್ಟಿದ್ದರು. ಮೊದಲ ಭಾಗ ಬಹುತೇಕ ಬಲಗೈಯದು, ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಬಲಗೈ ನಿಂತು ಎಡಗೈ ಒಂದೇ ನಡೆಯುವ ಜಾಗವಿತ್ತು. ಅಲ್ಲಿ ಅವರು ತಡವರಿಸಿದರು. ಹಿಂದಕ್ಕೆ ಬಂದು ಮತ್ತೆ ಹೋದರು. ಜೋರಾಗಿ ಹೊಡೆದು ನೋಡಿದರು. ಮೂರನೆಯ ಸಲ ಅದೇ ಜಾಗಕ್ಕೆ ಬಂದಾಗ ನಿಲ್ಲಿಸಿ, ನಾಲ್ಕೂ ಕೋಲನ್ನು ಪಟ್ಟಿಯ ಮೇಲೆ ಸಾಲಾಗಿ ಇಟ್ಟು, ಜನರಿಗೆ ಕೈಮುಗಿದು ಒಳಗೆ ಹೋದರು. ಮುಗಿಯಿತೆಂದು ತಿಳಿದ ಕೆಲವರು ಚಪ್ಪಾಳೆ ಹೊಡೆದರು.

ಮರುದಿನ ಬೆಳಿಗ್ಗೆ ಹಣಮಂತ್ರಾಯ ಬಂದರು. ಕೂರಲಿಲ್ಲ, ನೇರ ವಾದ್ಯದ ಹತ್ತಿರ ಹೋಗಿ ಬೆರಳ ಗಣ್ಣಿನಿಂದ ಒಂದೊಂದೇ ಪಟ್ಟಿ ತಟ್ಟಿದರು.

"ಕಟ್ಟಿಗಿ ಕೆಟ್ಟೈತ್ರಿ. ನಿಮ್ಮ ಕೈ ಅಲ್ಲ, ಕಿವಿ ಅಲ್ಲ."

"ಮಾಸ್ತರರ ಮಾತು ಮರೆತ್ರಾ?" ಎಂದರು ಲೀಲಕ್ಕ.

"ಮಾಸ್ತರ ಮಾತ ಮಾಸ್ತರಗ ಇರಲಿ. ನಾ ಸುಳ್ಳ ಹೇಳಾಂವ ಅಲ್ಲ. ಎಣ್ಣಿ ಕುಡದ ಕಟ್ಟಿಗಿ ಹಿಂಗ ಮೂಕ ಆಗತೈತಿ. ಯಾರರ ಎಣ್ಣಿ ಹಚ್ಯಾರೇನು?"

ಚಂದಮ್ಮ ಆಗಷ್ಟೇ ಕಾಫಿ ಲೋಟ ಹಿಡಿದು ಒಳಗೆ ಬಂದಿದ್ದಳು.

"ಅದನ್ನು ಮುಟ್ಟುವವಳು ಚಂದಮ್ಮ ಒಬ್ಬಳೇ," ಎಂದರು ಲೀಲಕ್ಕ. "ಐದು ವರ್ಷದಲ್ಲಿ ಒಣ ಬಟ್ಟೆ ಬಿಟ್ಟು ಬೇರೆ ಹಿಡಿದವಳಲ್ಲ. ನೀವು ನನಗೆ ಸಮಾಧಾನ ಹೇಳ್ಲಿಕ್ಕೆ ಬಂದವರು, ಗೊತ್ತಾಗ್ತದೆ. ನಾನು ಅವಳ ಹತ್ತಿರ ಕೇಳಿದ್ದೇನೆ. ಎರಡೂ ಸೇರ್ತದೆ ಅಂತ ಹೇಳಿದ್ಳು. ಅವಳ ಕಿವಿ ನಮ್ಮೆಲ್ಲರಿಗಿಂತ ಮೇಲು. ನನ್ನನ್ನು ಸಂತೋಷಪಡಿಸ್ಲಿಕ್ಕೆ ಸುಳ್ಳು ಹೇಳುವ ಜಾತಿಯಲ್ಲ ಅವಳು."

ಹಣಮಂತ್ರಾಯ ಚಂದಮ್ಮನ ಕಡೆ ತಿರುಗಿದರು. "ಹೌದೇನಬೇ?"

ಲೋಟ ಬಿಸಿಯಿತ್ತು. ಚಂದಮ್ಮ ಅದನ್ನು ಅವರ ಕೈಗೆ ಕೊಟ್ಟು, "ಹೌದ್ರಿ," ಎಂದಳು.

ಎಣ್ಣೆ ಹಚ್ಚಿದ್ದು ಹಬ್ಬದ ಮಂಕು, ಮೊದಲ ಸುಳ್ಳು ಹೆದರಿಕೆ, ಇದು ಮಾತ್ರ ಪಾಪ ಎಂದು ಆಮೇಲೆ ವರ್ಷಗಟ್ಟಲೆ ಅವಳು ಲೆಕ್ಕ ಹಾಕಿದಳು. ಹಾಕಿದ ಲೆಕ್ಕ ಯಾರಿಗೂ ಒಪ್ಪಿಸಲಿಲ್ಲ.

ಲೀಲಕ್ಕ ಮಲಗಿದ ಮಧ್ಯಾಹ್ನಗಳಲ್ಲಿ ಕಡಲೆಹಿಟ್ಟು ತಂದು ಪಟ್ಟಿಗಳಿಗೆ ಉಜ್ಜಿದಳು. ತಲೆಯ ಜಿಡ್ಡು ಹೋಗುವ ಹಿಟ್ಟು, ಕಟ್ಟಿಗೆಯ ಜಿಡ್ಡು ಹೋಗಲಿಲ್ಲ. ಒಲೆಯ ಬೂದಿ ತಂದಳು, ಗೀರು ಬಿದ್ದೀತೆಂದು ಬಿಟ್ಟಳು. ಕುಸುಬಿ ಎಣ್ಣೆ ಒಣಗಿ ಅರಗಿನ ಹಾಗೆ ಒಳಗೇ ಕೂತಿತ್ತು. ಕುಡಿಸುವುದನ್ನು ಅವಳ ಅವ್ವ ಕಲಿಸಿದ್ದಳು, ಕಕ್ಕಿಸುವುದನ್ನು ಯಾರೂ ಕಲಿಸಿರಲಿಲ್ಲ.

ಲೀಲಕ್ಕ ಬಾರಿಸುವುದು ನಿಂತಿತು. ಭಾನುವಾರದ ಕೂಟ ಹಣಮಂತ್ರಾಯರ ಮನೆಗೆ ಹೋಯಿತು. ಅಲ್ಲಿದ್ದದ್ದು ಹಳೆಯ ಬ್ಯಾಂಡಿನ ಚಿಕ್ಕ ವಾದ್ಯ. ಇಂದೂ ಅಲ್ಲಿಗೆ ಹೋಗಿ ಕಲಿತಳು. ದೇವದಾಸರು ಒಂದೆರಡು ಸಲ, "ಏಣಿ ಹತ್ತಿ ಇಳಿದಾಯ್ತಲ್ಲ, ಇನ್ನು ಮೂಲೆಗೆ ಇಡುವ," ಎಂದರು. ಲೀಲಕ್ಕ ಇಡಗೊಡಲಿಲ್ಲ. ಬಟ್ಟೆ ಹೊದಿಸಿದ ವಾದ್ಯ ನಡು ಕೋಣೆಯಲ್ಲೇ ನಿಂತಿತು. ಚಂದಮ್ಮ ದಿನಾ ಎಡದಿಂದ ಬಲಕ್ಕೆ ಒರೆಸುವಳು. ಎಡಗಡೆಯ ಹದಿಮೂರನ್ನು ಒರೆಸುವಾಗ ಕಣ್ಣೆತ್ತುತ್ತಿರಲಿಲ್ಲ.

ಮೋಜೆಂದರೆ ಲೀಲಕ್ಕನ ಕಿವಿಗೆ ಏನೂ ಆಗಿರಲಿಲ್ಲ. ಕೆಳಗೆ ಹೋಟೆಲಿನಲ್ಲಿ ಹಾಲು ಉಕ್ಕುವ ಮೊದಲೇ ಮೇಲಿನಿಂದ ಕೂಗುವರು. ಓಣಿಯ ತಿರುವಿನಲ್ಲಿ ಬರುವ ಸೈಕಲ್ಲು ಅಂಚೆಯವನದೋ ಪೇಪರಿನವನದೋ ಹೇಳುವರು. ಚಂದಮ್ಮ ಕಾದು ಕೂತು ಅಂಥ ಪ್ರತಿಯೊಂದನ್ನೂ ಹಿಡಿಯುವಳು.

"ನೋಡ್ರಿ ಅಕ್ಕಾರೆ, ಇದು ನನಗ ಕೇಳಿಲ್ಲ, ನಿಮಗ ಕೇಳ್ಸೇದ. ನಿಮ್ಮ ಕಿವಿ ಭಾಳ ಚಲೋ ಅದಾವ್ರಿ."

"ಹಾಲು ಉಕ್ಕುವುದು ನಾಯಿಗೂ ಕೇಳ್ತದೆ, ಚಂದಮ್ಮ. ಸ್ವರ ಬೇರೆ."

ಅಷ್ಟಕ್ಕೆ ಮಾತು ಮುಗಿಯುವುದು. ಮುಂದಿನ ಮಾತು ಚಂದಮ್ಮನ ಗಂಟಲವರೆಗೆ ಬಂದು, ನಾಳೆ ಆಡಿದರಾಯಿತು ಎಂದು ಹಿಂದಕ್ಕೆ ಹೋಗುವುದು. ಮುಚ್ಚಿಟ್ಟದ್ದು ಹಳೆಯದಾದಷ್ಟೂ ಆಡುವುದು ಕಷ್ಟ. ಒಂದು ವಾರಕ್ಕೆ ಆಡಿದ್ದರೆ ಎಣ್ಣೆಯ ತಪ್ಪಷ್ಟೇ ಹೇಳಬೇಕಿತ್ತು, ಒಂದು ವರ್ಷಕ್ಕೆ ಆಡಿದರೆ ವರ್ಷವಿಡೀ ಸುಮ್ಮನಿದ್ದದ್ದನ್ನೂ ಹೇಳಬೇಕು.

ಎಂಬತ್ನಾಲ್ಕರಲ್ಲಿ ಇಂದೂ ಮೊದಲ ಸಲ ಬಂದು ಕೇಳಿದಳು. ಆಗ ಅವಳಿಗೆ ಹದಿನೇಳು. ಬಾಗಿಲಲ್ಲೇ ನಿಂತು, "ಬಾಯಿ, ನಾನು ತಯಾರಾಗಿದ್ದೇನೆ. ನೀವು ಕೇಳಬೇಕು," ಎಂದಳು. ಅವಳ ಕೈಗೆ ಮೊದಲು ಕೋಲು ಕೊಟ್ಟವರು ಲೀಲಕ್ಕ. ಅವರು ಬೆನ್ನು ತಿರುಗಿಸಿ ಕೂತು ಕೇಳಿ 'ಹೋಗು' ಎನ್ನದೆ ಅವಳು ವೇದಿಕೆ ಹತ್ತುವಂತಿರಲಿಲ್ಲ.

"ಹಣಮಂತ್ರಾಯರನ್ನು ಕೇಳು."

"ಕೇಳಿದೆ. ಅದು ನಿಮ್ಮ ಹಕ್ಕು, ತಾವು ಮುಟ್ಟೋದಿಲ್ಲ ಅಂದರು."

"ಕುರುಡಿಯ ಹತ್ತಿರ ಬಣ್ಣ ಕೇಳ್ತೀಯಾ ಮಗಾ? ನಿನ್ನದು ತಪ್ಪಿದ್ರೂ ನನಗೆ ಸರಿ ಕೇಳ್ತದೆ, ಸರಿ ಇದ್ರೂ ತಪ್ಪು ಕೇಳ್ತದೆ. ನಾನು ಹೋಗು ಅಂದು ನೀನು ಅಲ್ಲಿ ನನ್ನ ಹಾಗೆ ನಿಂತ್ರೆ?"

ಇಂದೂ ಮೆಟ್ಟಿಲಲ್ಲಿ ಚಂದಮ್ಮನನ್ನು ತಡೆದಳು. "ಮಾವಶಿ, ನಿಜ ಹೇಳಿ. ಬಾಯಿಗೆ ಕೇಳಿಸೋದಿಲ್ಲವಾ?"

"ನನಗೇನ್ ತಿಳೀತದವ್ವ," ಎಂದಳು ಚಂದಮ್ಮ. ಮರಾಠಿಯಲ್ಲಿ ಹೇಳಿದಳು. ಎರಡು ಭಾಷೆಯಲ್ಲೂ ಅದೇ ಸುಳ್ಳು. ಹುಡುಗಿ ಕಣ್ಣೊರೆಸಿಕೊಂಡು ಇಳಿದುಹೋದಳು. ಮರುವರ್ಷ ಮತ್ತೆ ಬಂದಳು, ಅದೇ ಉತ್ತರ. ಅಪ್ಪನಂತೆ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು. ವೇದಿಕೆಯ ಮಾತು ಬಿಟ್ಟರೂ ಕೋಲು ಬಿಟ್ಟಿರಲಿಲ್ಲ ಎಂದು ಹಣಮಂತ್ರಾಯ ಹೇಳುತ್ತಿದ್ದರು.

ಎಂಬತ್ತಾರರ ಮಳೆಗಾಲದಲ್ಲಿ ಲೀಲಕ್ಕನಿಗೆ ಎದೆಯ ಕಾಯಿಲೆ ಬಲಿತಿತು. ಕಾಲು ಊದಿಕೊಂಡವು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮಂಚವನ್ನು ವಾದ್ಯದ ಪಕ್ಕಕ್ಕೆ ಹಾಕಿಸಿಕೊಂಡರು. ಚಂದಮ್ಮ ದಿಂಬು ಕೊಟ್ಟು ಕೂರಿಸಿ, ತಲೆ ಬಾಚಿ, ಗಂಜಿ ಕುಡಿಸುವಳು.

ಒಂದು ಮಧ್ಯಾಹ್ನ ಬಾಚಿಸಿಕೊಳ್ಳುತ್ತಲೇ ಲೀಲಕ್ಕ ಹೇಳಿದರು, "ಇದನ್ನು ಇಂದೂಗೆ ಕೊಡ್ಲಿಕ್ಕೆ ತಮ್ಮನ ಹತ್ತಿರ ಹೇಳಿದ್ದೇನೆ. ಒಳ್ಳೇ ಮರ, ಚಂದಮ್ಮ. ಕೆಟ್ಟದ್ದು ನಾನು. ಅವಳು ಬಾರಿಸುವಾಗ ಎಡಗಡೆ ಸ್ವಲ್ಪ ಹೀಗೆ ಅನಿಸಿದ್ರೆ, ಬಾಯಿ ಹೇಳಿದ್ದಾರೆ, ಕಟ್ಟಿಗೆಯ ಮೇಲೆ ಹಾಕ್ಬಾರ್ದು ಅಂತ ನೆನಪು ಮಾಡು."

ಚಂದಮ್ಮನ ಕೈಯ ಬಾಚಣಿಗೆ ನಿಂತಿತು. ಇಂದೂ ಆ ಸತ್ತ ಪಟ್ಟಿಗಳ ಮುಂದೆ ನಿಂತು, ತನ್ನ ಕೈ ಸರಿಯಿಲ್ಲ, ತನ್ನ ಕಿವಿ ಸರಿಯಿಲ್ಲ ಎಂದು ಎಣಿಸುವುದು ಕಣ್ಣಿಗೆ ಕಟ್ಟಿತು. ತನ್ನಿಂದ ಒಂದು ಜೀವ ಕುಗ್ಗಿತ್ತು. ಈಗ ಇನ್ನೊಂದು.

"ಕಟ್ಟಿಗಿ ಕೆಟ್ಟದ್ರಿ, ಅಕ್ಕಾರೆ," ಎಂದಳು.

"ಎಂಥದು?"

"ಕೆಟ್ಟದ್ದು ನೀವಲ್ರಿ. ಕಟ್ಟಿಗಿ. ಕೆಡಿಸಿದಾಕಿ ನಾ."

ಬೆನ್ನ ಹಿಂದೆ ನಿಂತೇ ಹೇಳಿದಳು. ಮುಂದೆ ಬಂದಿದ್ದರೆ ಹೇಳಲಾಗುತ್ತಿರಲಿಲ್ಲ. ಉಗಾದಿ, ತಂಗಿ ಕಳಿಸಿದ ಸೀಸೆ, ಮೂರು ದಿನ, ಹದಿಮೂರು ಪಟ್ಟಿ, ಕಡಲೆಹಿಟ್ಟು. ಕೇಳಿಸಿದ್ದು ಒಂದು, ಹೇಳಿದ್ದು ಒಂದು. ಹಣಮಂತ್ರಾಯರ ಮುಂದೆ ಮತ್ತೊಮ್ಮೆ. ಇಂದೂನ ಮುಂದೆ ಇನ್ನೊಮ್ಮೆ. ಏನನ್ನೂ ಬಿಡಲಿಲ್ಲ, ಏನನ್ನೂ ಕೂಡಿಸಲಿಲ್ಲ.

ಲೀಲಕ್ಕ ತಿರುಗಿ ನೋಡಲಿಲ್ಲ. ಅರ್ಧ ಬಾಚಿದ ತಲೆಯಲ್ಲೇ ಗೋಡೆಯ ಕಡೆ ಹೊರಳಿ ಮಲಗಿದರು. ಸಂಜೆ ಗಂಜಿ ತಂದಾಗ, "ಕುಸುಮ ಕೊಡ್ಲಿ," ಎಂದರು. ಮರುದಿನವೂ ಕುಸುಮಳೇ ಕುಡಿಸಿದಳು. ಚಂದಮ್ಮ ನೆಲ ಒರೆಸಿದಳು, ಬಟ್ಟೆ ಒಗೆದಳು, ಹೋಗು ಎನ್ನುತ್ತಾರೆಂದು ಕಾದಳು. ಯಾರೂ ಎನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಲೀಲಕ್ಕ ಕರೆದರು. "ಆ ಬಟ್ಟೆ ತೆಗಿ. ಕೋಲು ಕೊಡು."

ಏಳಲಾಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿ, ಎಟುಕಿದ ಪಟ್ಟಿಗೆ ಹೊಡೆದರು. ದಬ್. ಇನ್ನೂ ಒಂದಕ್ಕೆ. ಕಣ್ಣು ಮುಚ್ಚಿ ಕೇಳಿದರು.

"ಎಣ್ಣೆ ಬಿಸಿ ಮಾಡಿದ್ಯಾ?"

"ಉಗುರುಬೆಚ್ಚಗ್ರಿ."

"ಅಷ್ಟು ಚಂದಕ್ಕೆ ಕುಡಿಸಿದ್ದೀ ನೋಡು, ಏಳು ವರ್ಷ ಆದ್ರೂ ಬಿಡ್ಲಿಲ್ಲ." ನಗಲು ಹೋದರು, ಉಸಿರು ಸಾಲಲಿಲ್ಲ. ಸುಧಾರಿಸಿಕೊಂಡು ಹೇಳಿದರು, "ಎಣ್ಣೆ ಹೋಗ್ಲಿ. ನಾನೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಸೇರ್ತದೆ ಅಂತ ಯಾಕೆ ಹೇಳಿದೆ?"

"ಹೆದರಿದ್ನ್ರಿ."

"ನನಗೆ ಹೆದರಿದ್ಯಾ?"

ಇಷ್ಟು ಹೇಳಿದ ಮೇಲೆ ಚಂದಮ್ಮ ಇದನ್ನಾದರೂ ಸರಿಯಾಗಿ ಹೇಳಬೇಕಿತ್ತು. "ನಿಮಗಲ್ರಿ. ನಿಮ್ಮ ಕಣ್ಣಾಗ ಸಣ್ಣಾಕಿ ಆಗ್ತೀನಿ ಅಂತ್ರಿ."

ಲೀಲಕ್ಕ ಕೋಲನ್ನು ಎದೆಯ ಮೇಲಿಟ್ಟುಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ಚಂದಮ್ಮನೂ ಅದನ್ನು ಬೇಡಲಿಲ್ಲ. ಅವರು ಇನ್ನೂ ಆರು ದಿನ ಬದುಕಿದ್ದರು, ಆದರೆ ಆ ಸಂಜೆಯಿಂದ ಮಾತು ಬಿದ್ದುಹೋಗಿ, ನೀರು ಬೇಕಾದರೂ ಕೈಸನ್ನೆಯೇ. ಹಾಗಾಗಿ ಲೀಲಕ್ಕ ಚಂದಮ್ಮನನ್ನು ಬಾಯಿಬಿಟ್ಟು ಕೇಳಿದ್ದರಲ್ಲಿ ಈಗ ಕೇಳಿದ್ದೇ ಕೊನೆ.

"ಇಂದೂಗೆ ಹೇಳಿಕಳ್ಸು," ಎಂದರು. "ನಾನು ಅವಳದ್ದು ಕೇಳ್ತೇನೆ. ಆದ್ರೆ ಅವಳು ಕೋಲು ಹಿಡಿಯುವ ಮೊದ್ಲು, ನಾನು ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ಅಂತ, ಅವಳ ಮುಖ ನೋಡಿ ನೀನೇ ಹೇಳ್ತೀಯಾ, ಚಂದಮ್ಮ?"